ವಸಂತದ ಕೈತೋಟ: ಬೆಳೆದದ್ದನ್ನೂ ಬಾಡಿದ್ದನ್ನೂ ಓಣಿಯವರೊಡನೆ ಹಂಚಿಕೊಳ್ಳುವ ಬಗೆ

ಹುಬ್ಬಳ್ಳಿ-ಧಾರವಾಡದಲ್ಲಿ ಶಿವರಾತ್ರಿ ಕಳೆದು ಯುಗಾದಿ ಹತ್ತಿರ ಬರುವ ಹೊತ್ತಿಗೆ ಹಿತ್ತಲು, ತಾರಸಿ, ಗೇಟಿನ ಪಕ್ಕದ ಮೊಳದಗಲ ಜಾಗ ಎಲ್ಲೆಡೆಯೂ ಬೀಜ ಬಿದ್ದಿರುತ್ತದೆ. ಸಂಜೆ ಕಂಪೌಂಡಿನ ಆಚೆ-ಈಚೆ ನಿಂತು ಮಾತಾಡುವಾಗ ಬೆಂಡೆ ಹೂ ಬಿಟ್ಟ ಸುದ್ದಿ ಬರುತ್ತದೆ, ಟೊಮೆಟೊ ಒಣಗಿದ ಸುದ್ದಿಯೂ ಬರುತ್ತದೆ. ಮೊದಲನೆಯದು ಕೇಳಲು ಸಂತೋಷ. ಎರಡನೆಯದು ನಿಜವಾಗಿ ಉಪಯೋಗಕ್ಕೆ ಬರುವಂಥದ್ದು; ಆದರೆ ಯಾವ ಮಣ್ಣು, ಯಾವಾಗ ಬಿತ್ತಿದ್ದು, ನೀರು ಎಷ್ಟು ದಿನಕ್ಕೊಮ್ಮೆ, ಬಿಸಿಲು ಎಷ್ಟು ಹೊತ್ತು ಎಂಬುದನ್ನೆಲ್ಲ ಕೂಡಿಸಿ ಹೇಳಿದಾಗ ಮಾತ್ರ. ಗಿಡ ಹೋಯಿತು ಎಂದಷ್ಟೇ ಹೇಳಿದರೆ ಕೇಳಿದವರು ಮರುಗಬಹುದು, ಅದಕ್ಕಿಂತ ಹೆಚ್ಚಿನದನ್ನು ಮಾಡಲಾರರು. ಬೇಸಿಗೆ ಬೆಳೆಯನ್ನು ಹಾಕುವ ಕ್ರಮವನ್ನು ಮತ್ತು ಅದರ ಏಳುಬೀಳುಗಳನ್ನು ಇನ್ನೊಬ್ಬರಿಗೆ ಉಪಯೋಗವಾಗುವಂತೆ ಬರೆದಿಟ್ಟು ಹೇಳುವ ಕ್ರಮವನ್ನು ಇಲ್ಲಿ ಜೊತೆಜೊತೆಯಾಗಿಯೇ ವಿವರಿಸಲಾಗಿದೆ.

ಮೊದಲು ಒಂದು ವಹಿ

ಬೀಜ ಕೊಳ್ಳುವುದಕ್ಕಿಂತ ಮೊದಲು ಒಂದು ಸಾದಾ ವಹಿಯನ್ನು ತೆಗೆದಿಡಿ. ಪ್ರತಿ ಕುಂಡಕ್ಕೆ ಅಥವಾ ಮಡಿಗೆ ಒಂದು ಪುಟ ಸಾಕು. ಬೀಜ ಎಲ್ಲಿಂದ ಬಂತು, ಯಾವ ವರ್ಷದ್ದು, ಬಿತ್ತಿದ ತಾರೀಖು, ಮೊಳಕೆ ಕಂಡ ತಾರೀಖು, ಮೊದಲ ಹೂವು, ಮೊದಲ ಕಾಯಿ, ನೀರು ನಳದ್ದೋ ಬೋರ್‌ವೆಲ್‌ದೋ ಎಂಬುದನ್ನು ಬರೆಯಿರಿ. ಬಿಸಿಲಿನ ಲೆಕ್ಕವನ್ನು ಅಂದಾಜಿನ ಮೇಲೆ ಬಿಡಬೇಡಿ. ಒಂದು ರವಿವಾರ ಬೆಳಿಗ್ಗೆ 7ರಿಂದ ಸಂಜೆ 6ರವರೆಗೆ ಗಂಟೆಗೊಮ್ಮೆ ನೋಡಿ ನೆರಳು ಎಲ್ಲಿ ಬೀಳುತ್ತದೆ ಎಂದು ಗುರುತು ಹಾಕಿಕೊಳ್ಳಿ. ಕಾಯಿಪಲ್ಲೆಗೆ ಕನಿಷ್ಠ 6 ತಾಸಿನ ನೇರ ಬಿಸಿಲು ಬೇಕು, ಸೊಪ್ಪಿಗೆ 3-4 ತಾಸು ಸಾಕು.

ತಾರೀಖಿನ ಜೊತೆಗೆ ಮಳೆಯ ನಕ್ಷತ್ರವನ್ನೂ ಬರೆಯುವುದು ನಮ್ಮ ಭಾಗದಲ್ಲಿ ಬಹಳ ಉಪಯುಕ್ತ. ಏಪ್ರಿಲ್ ನಡುವಿನಲ್ಲಿ ಅಶ್ವಿನಿ, ತಿಂಗಳ ಕೊನೆಗೆ ಭರಣಿ, ಮೇ ಎರಡನೆಯ ವಾರದಿಂದ ಕೃತ್ತಿಕಾ, ಕೊನೆಯ ವಾರದಿಂದ ರೋಹಿಣಿ, ಜೂನ್ ಮೊದಲ ವಾರ ಕಳೆಯುತ್ತಲೇ ಮೃಗಶಿರಾ. ಓಣಿಯ ಹಿರಿಯರು ತಮ್ಮ ಅನುಭವವನ್ನು ಹೇಳುವುದು ಈ ಲೆಕ್ಕದಲ್ಲಿಯೇ. ಭರಣಿಗೆ ಗಾಳಿ ಬಂದು ಚಪ್ಪರ ಬಿತ್ತು ಎಂದು ಅವರು ಹೇಳಿದ್ದನ್ನು ನಿಮ್ಮ ಪುಟದೊಡನೆ ಹೋಲಿಸಿ ನೋಡಬೇಕಾದರೆ ಎರಡೂ ಲೆಕ್ಕ ಒಂದೇ ಕಡೆ ಇರಬೇಕು.

ಮಣ್ಣನ್ನು ಹೆಸರಿಟ್ಟು ಹೇಳಿ

ಕಲಘಟಗಿ, ಅಳ್ನಾವರದ ಕಡೆಯ ಮಸಾರಿ (ಕೆಂಪು) ಮಣ್ಣಿನಲ್ಲಿ ಗೆದ್ದ ಉಪಾಯ ನವಲಗುಂದ, ಅಣ್ಣಿಗೇರಿ, ಗದಗದ ಕಡೆಯ ಎರೆ (ಕಪ್ಪು) ಮಣ್ಣಿನಲ್ಲಿ ಸೋಲುವುದು ಸಹಜ. ಮಸಾರಿಯಲ್ಲಿ ನೀರು ಬೇಗ ಇಳಿಯುತ್ತದೆ, ಬೇಗ ಒಣಗುತ್ತದೆ. ಎರೆಯು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ, ಬಿರುಕಿನೊಳಗೆ ಸಣ್ಣ ಬೇರುಗಳು ಹರಿದುಹೋಗುತ್ತವೆ. ಹೊಸ ಬಡಾವಣೆಗಳಲ್ಲಿ ಇವೆರಡೂ ಅಲ್ಲದ ಮೂರನೆಯದೊಂದಿದೆ: ಮನೆ ಕಟ್ಟುವಾಗ ತಂದು ಸುರಿದ ಮಣ್ಣು, ಅದರೊಳಗೆ ಸುಣ್ಣ, ಸಿಮೆಂಟು, ಇಟ್ಟಂಗಿಯ ಚೂರು. ಅಂಥ ಜಾಗದಲ್ಲಿ ಕ್ಷಾರ ಹೆಚ್ಚಾಗಿ ಗಿಡಕ್ಕೆ ಕಬ್ಬಿಣದ ಅಂಶ ದಕ್ಕದೆ, ಎಳೆಯ ಎಲೆಗಳು ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಹಳದಿ ಬಣ್ಣ ಕೆಳಗಿನ ಮುದಿ ಎಲೆಗಳಿಂದ ಶುರುವಾದರೆ ಅದು ಸಾರಜನಕದ ಕೊರತೆ. ಎಲೆ ಹಳದಿಯಾಗಿದೆ ಎಂದು ಹೇಳುವಾಗ ಮೇಲಿನದೋ ಕೆಳಗಿನದೋ ಎಂಬ ಒಂದು ಮಾತನ್ನು ಸೇರಿಸಿದರೆ ಕೇಳಿದವರು ಅರ್ಧ ಉತ್ತರವನ್ನು ಅಲ್ಲಿಯೇ ಕೊಡಬಲ್ಲರು.

ನೆಲದಲ್ಲಿ ಹಾಕುವವರು ಒಂದು ಅಡಿ ಆಳದ ಕುಣಿ ತೋಡಿ, ನೀರು ತುಂಬಿ, ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿ ನೋಡಬೇಕು. ಎರಡನೆಯ ಸಲದ ನೀರು ನಾಲ್ಕು ತಾಸಾದರೂ ನಿಂತೇ ಇದ್ದರೆ ಅಲ್ಲಿ ಬಸಿಯುವಿಕೆ ಸಾಲದು; ಏರುಮಡಿ ಮಾಡಿಯೇ ಹಾಕಿ. ಎರೆಗೆ ಬರೀ ಮರಳು ಬೆರೆಸಿದರೆ ಸಡಿಲವಾಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಸ್ವಲ್ಪ ಮರಳು ಬೆರೆತ ಎರೆ ಒಣಗಿದಾಗ ಇನ್ನಷ್ಟು ಗಟ್ಟಿಯಾಗುವುದೇ ಹೆಚ್ಚು; ಅದನ್ನು ಸಡಿಲಿಸುವುದು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಹುಳು ಗೊಬ್ಬರ. ಕುಂಡಗಳಿಗೆ ಒಂದು ಬುಟ್ಟಿ ಎರೆ, ಒಂದು ಬುಟ್ಟಿ ಮಸಾರಿ, ಒಂದು ಬುಟ್ಟಿ ಗೊಬ್ಬರ, ಅರ್ಧ ಬುಟ್ಟಿ ತೆಂಗಿನ ನಾರಿನ ಪುಡಿ ಎಂಬ ಮಿಶ್ರಣ ನಮ್ಮ ಹವೆಗೆ ಹೊಂದುತ್ತದೆ. ತಾರಸಿಯ ಮೇಲೆ ಬೆಳೆಯುವವರು ಭಾರದ ಲೆಕ್ಕವನ್ನು ಮರೆಯಬಾರದು. ಒಂದು ಅಡಿ ದಪ್ಪದ ಹಸಿ ಮಣ್ಣು ಚದರ ಮೀಟರಿಗೆ ಸುಮಾರು 500 ಕಿಲೋ ತೂಗುತ್ತದೆ, ಆದ್ದರಿಂದ ದೊಡ್ಡ ಮಡಿಗಳನ್ನು ಚಾವಣಿಯ ನಡುವೆ ಇಡದೆ ತೊಲೆ ಮತ್ತು ಗೋಡೆಗಳ ನೇರದ ಮೇಲೆ ಚಿಕ್ಕ ಕುಂಡಗಳನ್ನು ಜೋಡಿಸಿ.

ಈಗ ಏನು, ಈಗ ಏನು ಬೇಡ

ಬೆಂಡೆ, ಚವಳಿಕಾಯಿ (ದಕ್ಷಿಣದವರ ಗೋರಿಕಾಯಿ), ಹೀರೆ, ಸವತೆ, ಹಾಗಲ, ಸೋರೆ, ರಾಜಗಿರಿ, ಪುಂಡಿ, ಬಸಳೆ ಇವೆಲ್ಲ ಈ ಬಿಸಿಲನ್ನು ತಾಳುವ ಬೆಳೆಗಳು. ಹೊಸಬರು ರಾಜಗಿರಿ ಮತ್ತು ಬೆಂಡೆಯಿಂದ ಶುರುಮಾಡುವುದು ಒಳ್ಳೆಯದು. ರಾಜಗಿರಿ 25-30 ದಿನಗಳಲ್ಲಿ ಪಲ್ಲೆಗೆ ಬರುತ್ತದೆ, ಬೆಂಡೆ 45-50 ದಿನಗಳಲ್ಲಿ ಮೊದಲ ಕಾಯಿ ಕೊಡುತ್ತದೆ. ಕೊತ್ತಂಬರಿ, ಮೆಂತ್ಯ, ಸಬ್ಬಸಿಗೆಯನ್ನು ಅರೆನೆರಳಿನಲ್ಲಿ ಮಾತ್ರ ಹಾಕಬಹುದು, ಅವು ಬೇಗ ಹೂವಿಗೆ ಹೋಗುತ್ತವೆ. ಹೂಕೋಸು, ಗಜ್ಜರಿ, ಬಟಾಣಿಯನ್ನು ದಸರೆಯ ನಂತರಕ್ಕೆ ಇಟ್ಟುಕೊಳ್ಳಿ. ಬ್ಯಾಡಗಿ ಮೆಣಸಿನಕಾಯಿಯನ್ನು ಈಗಲೇ ಹಾಕಬೇಕೆಂಬ ಆಸೆ ಹಲವರಿಗೆ ಇರುತ್ತದೆ, ಆದರೆ ಹಾವೇರಿ ಸೀಮೆಯಲ್ಲಿ ಅದು ಮುಂಗಾರಿಗೆ ಹಾಕಿ ಚಳಿಗಾಲದಲ್ಲಿ ಹಣ್ಣು ಬಿಡಿಸುವ ಬೆಳೆ; ಕುಂಡದಲ್ಲಿ ಬೆಳೆಯುವವರೂ ಆ ಕಾಲವನ್ನೇ ಅನುಸರಿಸುವುದು ಲೇಸು.

ಪಕ್ಕದ ಮನೆಯವರು ಕೊಟ್ಟ ಬೀಜವನ್ನು ಮೊದಲು ಪರೀಕ್ಷಿಸಿ. ಹತ್ತು ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ನೆರಳಿನಲ್ಲಿಟ್ಟು, ಬಟ್ಟೆ ಒಣಗದಂತೆ ನೋಡಿಕೊಳ್ಳಿ. ಏಳೆಂಟು ಮೊಳೆತರೆ ಬೀಜ ಚೆನ್ನಾಗಿದೆ. ನಾಲ್ಕೇ ಮೊಳೆತರೆ ಇಮ್ಮಡಿ ಬೀಜ ಹಾಕಿ. ಬೆಂಡೆ 4-7 ದಿನ, ಟೊಮೆಟೊ 6-10 ದಿನ, ಮೆಣಸಿನಕಾಯಿ 8-14 ದಿನ ತೆಗೆದುಕೊಳ್ಳುತ್ತವೆ, ಅಷ್ಟರವರೆಗೆ ಕೆದರಿ ನೋಡಬೇಡಿ. ಬೆಂಡೆಯನ್ನು ಒಂದು ರಾತ್ರಿ ನೆನೆಸಿ, ಕೊತ್ತಂಬರಿಯನ್ನು ಚಪ್ಪಲಿಯಿಂದ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ಹಾಕಿ. ಉಳ್ಳಾಗಡ್ಡಿ ಬೀಜ ಒಂದು ವರ್ಷಕ್ಕೇ ಬಲ ಕಳೆದುಕೊಳ್ಳುತ್ತದೆಂಬುದು ಗೊತ್ತಿದ್ದರೆ ಹಳೆಯ ಬೀಜ ಕೊಟ್ಟವರ ಮೇಲೆ ಮುನಿಸಿಕೊಳ್ಳುವ ಸಂದರ್ಭವೇ ಬರುವುದಿಲ್ಲ. ಬೀಜ ಹಂಚುವವರು ಪೊಟ್ಟಣದ ಮೇಲೆ ತಳಿಯ ಹೆಸರು ಮತ್ತು ವರ್ಷ ಬರೆಯಲಿ, ಹೈಬ್ರಿಡ್ ಗಿಡದಿಂದ ತೆಗೆದ ಬೀಜವಾದರೆ ಅದನ್ನೂ ಹೇಳಲಿ, ಏಕೆಂದರೆ ಅದರ ಮರಿ ತಾಯಿಯಂತೆ ಬರುವುದಿಲ್ಲ.

ನೀರು: ನಮ್ಮೂರಿನ ಹೆಚ್ಚಿನ ಸೋಲುಗಳ ಮೂಲ

ಈ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು. ಮಲಪ್ರಭೆಯಿಂದ ಬರುವ ನೀರು ಅವಳಿನಗರದ ಅನೇಕ ಓಣಿಗಳಿಗೆ ಕೆಲವು ದಿನಗಳಿಗೊಮ್ಮೆ ಮಾತ್ರ ಸಿಗುತ್ತದೆ. ನಳ ಬಂದ ದಿನ ಬ್ಯಾರಲ್ಲು, ಕೊಡ ಎಲ್ಲವೂ ತುಂಬಿದ ಮೇಲೆ ಪೈಪನ್ನು ಗಿಡಗಳ ಕಡೆಗೆ ತಿರುಗಿಸಿ ಮಡಿಯಲ್ಲಿ ನೀರು ನಿಲ್ಲುವಷ್ಟು ಬಿಡುತ್ತೇವೆ. ಆಮೇಲೆ ಮುಂದಿನ ಸರದಿಯವರೆಗೆ ಮಣ್ಣು ಒಣಗುತ್ತದೆ. ಈ ಏರಿಳಿತವೇ ಗಿಡಕ್ಕೆ ಕಡುಕಷ್ಟ. ಟೊಮೆಟೊ ಕಾಯಿಯ ಬುಡ, ಅಂದರೆ ಹೂವು ಉದುರಿದ ತುದಿ, ಕಪ್ಪಾಗಿ ಒಳಕ್ಕೆ ಕುಸಿದು ಚರ್ಮದಂತಾಗುವುದನ್ನು ಬಹಳ ಜನ ರೋಗವೆಂದು ತಿಳಿದು ಔಷಧ ಹೊಡೆಯುತ್ತಾರೆ. ಅದು ಅಂಟುರೋಗವಲ್ಲ. ನೀರು ಒಂದೇ ಸಮನೆ ಸಿಗದಿದ್ದಾಗ ಮಣ್ಣಿನಲ್ಲಿ ಸುಣ್ಣದ ಅಂಶವಿದ್ದರೂ ಅದು ಕಾಯಿಯ ತುದಿಯವರೆಗೆ ತಲುಪುವುದಿಲ್ಲ, ಅಲ್ಲಿಯ ಜೀವಕೋಶಗಳು ಸಾಯುತ್ತವೆ. ಹಣ್ಣು ಒಡೆಯುವುದಕ್ಕೂ ಒಣಗಿದ ಗಿಡಕ್ಕೆ ಒಮ್ಮೆಲೇ ನೀರು ಬೀಳುವುದೇ ಮುಖ್ಯ ಕಾರಣ. ಕೆಟ್ಟ ಕಾಯಿ ತೆಗೆದುಹಾಕಿ, ನೀರನ್ನು ಸಮ ಮಾಡಿದರೆ ಮುಂದಿನ ಗೊಂಚಲು ಸರಿಯಾಗಿ ಬರುತ್ತದೆ.

ಸಮ ಮಾಡುವುದು ಹೇಗೆ? ನಳ ಬಂದ ದಿನದ ನೀರನ್ನು ಗಿಡಕ್ಕೆ ಬಿಡದೆ ಒಂದು ಬ್ಯಾರಲ್ಲಿನಲ್ಲಿ ಗಿಡಗಳ ಪಾಲೆಂದೇ ತುಂಬಿಟ್ಟು, ಪ್ರತಿದಿನ ಬೆಳಿಗ್ಗೆ ತಂಬಿಗೆಯ ಲೆಕ್ಕದಲ್ಲಿ ಹಾಕಿ. ಕಾಯಿ ಹಿಡಿದ ಟೊಮೆಟೊದ ದೊಡ್ಡ ಕುಂಡಕ್ಕೆ ಏಪ್ರಿಲ್-ಮೇ ತಿಂಗಳಲ್ಲಿ ದಿನಕ್ಕೆ 2-3 ಲೀಟರ್ ಬೇಕಾಗುತ್ತದೆ. ನೆಲದ ಮಡಿಗಳಲ್ಲಿ ಮೆರುಗು ಹಚ್ಚದ ಮಣ್ಣಿನ ಗಡಿಗೆಯನ್ನು ಕುತ್ತಿಗೆಯವರೆಗೆ ಹೂತು, ನೀರು ತುಂಬಿ, ಬಾಯಿಗೆ ಹೆಂಚಿನ ಚೂರು ಮುಚ್ಚಿ. ಗಡಿಗೆಯ ಮೈಯಿಂದ ಜಿನುಗುವ ನೀರನ್ನು ಸುತ್ತಲಿನ ಬೇರುಗಳು ತಮಗೆ ಬೇಕಾದಷ್ಟೇ ಹೀರಿಕೊಳ್ಳುತ್ತವೆ. ನಾಲ್ಕೈದು ಲೀಟರಿನ ಗಡಿಗೆಯನ್ನು ಎರಡು-ಮೂರು ದಿನಕ್ಕೊಮ್ಮೆ ತುಂಬಿದರೆ ಸಾಕಾಗುತ್ತದೆ. ಮಣ್ಣಿನ ಮೇಲೆ ಮೂರು ಬೆರಳು ದಪ್ಪ ಶೇಂಗಾ ಹೊಟ್ಟು, ಜೋಳದ ಕಣಿಕೆಯ ತುಂಡು ಅಥವಾ ಕಬ್ಬಿನ ರವದಿಯ ಮುಚ್ಚಿಗೆ ಹಾಕಿ, ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಬಿಡಿ. ಗೆದ್ದಲು ಇರುವ ಜಾಗದಲ್ಲಿ ಕಣಿಕೆಯ ಬದಲು ಒಣ ಎಲೆಯೇ ವಾಸಿ.

ಅಕ್ಕಿ, ಕಾಯಿಪಲ್ಲೆ ತೊಳೆದ ನೀರು ಧಾರಾಳವಾಗಿ ಹಾಕಬಹುದು. ಸೋಪಿನ ಪುಡಿಯ ನೀರು, ಉಪ್ಪಿನ ನೀರು ಬೇಡ. ಕುಡಿಯುವ ನೀರಿನ ಯಂತ್ರದಿಂದ ಹೊರಬೀಳುವ ನೀರಿನಲ್ಲಿ ಲವಣ ಹೆಚ್ಚು, ಅದನ್ನೇ ದಿನಾ ಹಾಕಿದರೆ ಕುಂಡದ ಅಂಚಿನಲ್ಲಿ ಬಿಳಿ ಪೊರೆ ಕಟ್ಟಿ ಎಲೆಯ ತುದಿ ಸುಡುತ್ತದೆ. ಗಡಸು ಬೋರ್‌ವೆಲ್ ನೀರಿಗೂ ಇದೇ ಮಾತು. ಮೊದಲ ದೊಡ್ಡ ಮಳೆಯಲ್ಲಿ ಕುಂಡ ಚೆನ್ನಾಗಿ ತೋಯ್ದು ಬಸಿಯಲಿ.

ನಡುಮಧ್ಯಾಹ್ನ ಎಲೆ ಜೋತುಬಿದ್ದದ್ದನ್ನು ನೋಡಿ ಗಾಬರಿಯಿಂದ ನೀರು ಸುರಿಯಬೇಡಿ, ಅಂಥ ಬಿಸಿಲಿನಲ್ಲಿ ಸವತೆ, ಸೋರೆಯ ಎಲೆಗಳು ಜೋತುಬಿದ್ದು ಸಂಜೆಗೆ ತಾವೇ ಏಳುತ್ತವೆ. ಬೆಳಗಿನ 6 ಗಂಟೆಗೆ ನೋಡಿ. ಆಗಲೂ ಬಾಡಿದ್ದರೆ ಬೆರಳನ್ನು ಎರಡು ಇಂಚು ಮಣ್ಣಿಗೆ ಇಳಿಸಿ. ಒಣಗಿದ್ದರೆ ನೀರು ಬೇಕು. ಮಣ್ಣು ಹಸಿಯಾಗಿದ್ದೂ ಗಿಡ ಹಸಿರಾಗಿಯೇ ಬಾಡಿದ್ದರೆ ದುಂಡಾಣು ಸೊರಗು ರೋಗದ ಸಂಶಯ ಪಡಬೇಕು. ಅದನ್ನು ಮನೆಯಲ್ಲಿಯೇ ಖಚಿತ ಮಾಡಿಕೊಳ್ಳಬಹುದು. ಬುಡದ ಹತ್ತಿರ ಕಾಂಡವನ್ನು ಅಡ್ಡ ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ಕತ್ತರಿಸಿದ ತುದಿ ಮುಳುಗುವಂತೆ ಅಲುಗಾಡಿಸದೆ ಹಿಡಿಯಿರಿ. ಕೆಲವೇ ನಿಮಿಷಗಳಲ್ಲಿ ತುದಿಯಿಂದ ಹಾಲಿನ ಎಳೆಯಂಥ ಬಿಳಿ ದ್ರವ ಕೆಳಗಿಳಿಯತೊಡಗಿದರೆ ಅದೇ ರೋಗ. ಆ ಮಣ್ಣಿನಲ್ಲಿ ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆಯನ್ನು ಕೆಲವು ವರ್ಷ ಹಾಕಬೇಡಿ. ಆ ಮಣ್ಣನ್ನಾಗಲಿ ಅದರಲ್ಲಿ ಬೆಳೆದ ಸಸಿಯನ್ನಾಗಲಿ ಯಾರಿಗೂ ಕೊಡಬೇಡಿ, ಅಲ್ಲಿ ಕಳೆ ತೆಗೆದ ಕುರ್ಚಿಗೆಯನ್ನೂ ತೊಳೆಯದೆ ಕೊಡಬೇಡಿ. ಈ ಒಂದು ಸುದ್ದಿಯನ್ನು ಅದೇ ದಿನ ಓಣಿಗೆ ತಿಳಿಸುವುದು ಕರ್ತವ್ಯವೆಂದೇ ಭಾವಿಸಬೇಕು.

ಹೂ ಉದುರಿತು, ಕಾಯಿ ಕಟ್ಟಲಿಲ್ಲ

ಏಪ್ರಿಲ್‌ನಲ್ಲಿ ಅತಿ ಹೆಚ್ಚು ಕೇಳಿಬರುವ ಅಳಲು ಇದು. ಹಗಲಿನ ಉಷ್ಣತೆ 35 ಡಿಗ್ರಿ ದಾಟಿ ರಾತ್ರಿಯೂ ತಂಪಾಗದಿದ್ದರೆ ಟೊಮೆಟೊದ ಪರಾಗ ಬಲಹೀನವಾಗಿ ಹೂವು ತೊಟ್ಟಿನ ಗಂಟಿನಲ್ಲಿಯೇ ಕಳಚಿ ಬೀಳುತ್ತದೆ. ಇದಕ್ಕೆ ಗೊಬ್ಬರ ಪರಿಹಾರವಲ್ಲ, ಸಾರಜನಕ ಹೆಚ್ಚಾದರೆ ಎಲೆ ಮಾತ್ರ ಸೊಕ್ಕುತ್ತದೆ. ಮಧ್ಯಾಹ್ನ 12ರಿಂದ 4ರವರೆಗೆ 50 ಶೇಕಡಾ ನೆರಳಿನ ಬಲೆ, ಅದಿಲ್ಲದಿದ್ದರೆ ಹಳೆಯ ಬಿಳಿ ಧೋತರ ಕಟ್ಟಿ, ಗಿಡವನ್ನು ಆರೋಗ್ಯವಾಗಿ ಉಳಿಸಿಕೊಳ್ಳಿ. ಮುಂಗಾರಿಗೆ ಮುನ್ನಿನ ಅಡ್ಡಮಳೆಗಳು ಬಂದು ರಾತ್ರಿ ತಂಪಾದೊಡನೆ ಅದೇ ಗಿಡ ಕಾಯಿ ಕಟ್ಟುತ್ತದೆ. ಮಾರ್ಚ್ ಕೊನೆಗೆ ಸಸಿ ನಾಟಿ ಮಾಡಿದವರು ಇದಕ್ಕೆ ಸಿದ್ಧರಿರಬೇಕು; ಮುಂದಿನ ವರ್ಷ ಜನವರಿಯಲ್ಲಿಯೇ ಸಸಿಮಡಿ ಮಾಡಿ ಫೆಬ್ರುವರಿಯಲ್ಲಿ ನಾಟಿ ಮಾಡಿದರೆ ಸುಡುಬಿಸಿಲಿನ ಮೊದಲೇ ಎರಡು ಗೊಂಚಲು ಕೈಗೆ ಬರುತ್ತವೆ.

ಬಳ್ಳಿಗಳ ವಿಷಯ ಬೇರೆ. ಹೀರೆ, ಸೋರೆಯಲ್ಲಿ ಮೊದಲು ಬರುವುದು ಗಂಡು ಹೂವುಗಳು, ಅವು ಉದುರಲೇಬೇಕು. ಹೆಣ್ಣು ಹೂವಿನ ಕೆಳಗೆ ಬೆರಳ ತುದಿಯಷ್ಟು ಕಾಯಿ ಮೊದಲೇ ಇರುತ್ತದೆ. ಅದು ಹಳದಿಯಾಗಿ ಸುರುಟಿದರೆ ಪರಾಗ ಸಿಗಲಿಲ್ಲವೆಂದು ಅರ್ಥ. ಹೀರೆಯ ಹಳದಿ ಹೂವು ಸಂಜೆ 5 ಗಂಟೆಯ ನಂತರ ಅರಳುತ್ತದೆ, ಸೋರೆಯ ಬಿಳಿ ಹೂವೂ ಇಳಿಹೊತ್ತಿನದೇ; ಸವತೆ ಮತ್ತು ಹಾಗಲದ್ದು ಬೆಳಗಿನ ಹೊತ್ತು. ತಾರಸಿಯ ಮೇಲೆ ಪತಂಗ, ಜೇನು ಕಡಿಮೆ ಬರುವುದರಿಂದ, ಹೀರೆ ಹಾಕಿದವರು ಸಂಜೆ ಆರರ ಸುಮಾರಿಗೆ ಗಂಡು ಹೂವನ್ನು ಕಿತ್ತು, ಎಸಳು ಸರಿಸಿ, ಹೆಣ್ಣು ಹೂವಿನ ನಡುವಿನ ತುದಿಗೆ ಮೆಲ್ಲಗೆ ತಾಗಿಸಬೇಕು. ಬೆಳಿಗ್ಗೆ ಪ್ರಯತ್ನಿಸಿ ಸೋತವರು ಹೊತ್ತನ್ನು ಬದಲಿಸಿದರೆ ಸಾಕು, ಕಾಯಿ ನಿಲ್ಲುತ್ತದೆ.

ಎಲೆಯ ಸುದ್ದಿಯನ್ನು ಕಳಿಸುವುದು

ಮೊಬೈಲಿನಲ್ಲಿ ಒಂದು ಎಲೆಯ ಚಿತ್ರ ಕಳಿಸಿ ಏನಾಗಿದೆ ಎಂದು ಕೇಳುವುದು ಈಗಿನ ರೂಢಿ. ಒಂದಲ್ಲ, ನಾಲ್ಕು ಚಿತ್ರ ತೆಗೆಯಿರಿ: ಇಡೀ ಗಿಡ, ಕೆಟ್ಟ ಎಲೆಯ ಮೇಲ್ಮೈ, ಅದೇ ಎಲೆಯ ಅಡಿಭಾಗ, ಮತ್ತು ಬುಡದ ಮಣ್ಣು. ಬಿಸಿಲಿಗೆ ನೇರವಾಗಿ ಅಲ್ಲ, ನೆರಳಿನಲ್ಲಿ ತೆಗೆದರೆ ಬಣ್ಣ ಸರಿಯಾಗಿ ಕಾಣುತ್ತದೆ. ಎಲೆಯ ಅಡಿಭಾಗವನ್ನು ನೋಡದೆ ಕೊಟ್ಟ ಸಲಹೆಯನ್ನು ನಾನು ಸಲಹೆಯೆಂದೇ ಪರಿಗಣಿಸುವುದಿಲ್ಲ.

ಮೆಣಸಿನಕಾಯಿ ಗಿಡದ ಮುಟುರು ಇದಕ್ಕೆ ಒಳ್ಳೆಯ ಉದಾಹರಣೆ. ಎಲೆಯ ಅಂಚು ಮೇಲಕ್ಕೆ ಮಡಚಿ ದೋಣಿಯಂತಾಗಿದ್ದರೆ ಸಾಮಾನ್ಯವಾಗಿ ಅದು ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಕೀಟದ ಕಾಟ. ಅಂಚು ಕೆಳಕ್ಕೆ ಬಾಗಿ, ತೊಟ್ಟು ಉದ್ದವಾಗಿದ್ದರೆ ಮೈಟ್ ನುಸಿಯದು. ಮುಟುರು ಬಂದಿದೆ ಎಂದಷ್ಟೇ ಹೇಳಿದರೆ ಈ ವ್ಯತ್ಯಾಸ ತಿಳಿಯುವುದಿಲ್ಲ. ಥ್ರಿಪ್ಸ್‌ಗೆ ನೀಲಿ ಅಂಟುಹಾಳೆ, ಬಿಳಿನೊಣಕ್ಕೆ ಹಳದಿ ಅಂಟುಹಾಳೆ ತೂಗುಹಾಕಿ. ಎರಡಕ್ಕೂ ಆಗುವ ಮನೆಮದ್ದು ಬೇವಿನ ಬೀಜದ ಕಷಾಯ: 50 ಗ್ರಾಂ ಬೇವಿನ ಬೀಜದ ತಿರುಳಿನ ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿ ಒಂದು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಹಿಂಡಿ, ಸೋಸಿ, ಚೂರು ಸೋಪು ಕರಗಿಸಿ, ಸಂಜೆ ಎಲೆಯ ಅಡಿಭಾಗಕ್ಕೆ ಸಿಂಪಡಿಸಬೇಕು. ಬಿಸಿಲಿನಲ್ಲಿ ಹೊಡೆದರೆ ಎಲೆ ಸುಡುತ್ತದೆ.

ಬೆಂಡೆಯ ಎಲೆಯಲ್ಲಿ ನರಗಳು ಹಳದಿ ಬಲೆಯಂತೆ ಕಂಡರೆ, ಟೊಮೆಟೊದ ತುದಿ ಮುದುಡಿ ಗಿಡ ಗಿಡ್ಡಾದರೆ, ಅವು ಬಿಳಿನೊಣ ಹರಡುವ ನಂಜುರೋಗಗಳು. ಬಂದ ಗಿಡಕ್ಕೆ ಮದ್ದಿಲ್ಲ. ಕಿತ್ತು, ಚೀಲದಲ್ಲಿ ಕಟ್ಟಿ ವಿಲೇವಾರಿ ಮಾಡಿ. ಒಂದು ಮನೆಯವರು ಕರುಣೆಯಿಂದ ಉಳಿಸಿಕೊಂಡ ಗಿಡದಿಂದ ಇಡೀ ಸಾಲಿಗೆ ಹಬ್ಬುತ್ತದೆ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕಾ ಬೆಂಡೆ, ಅರ್ಕಾ ರಕ್ಷಕ್ ಟೊಮೆಟೊ ತಳಿಗಳನ್ನು ಇಂಥ ರೋಗಗಳನ್ನು ತಡೆದುಕೊಳ್ಳಲೆಂದೇ ರೂಪಿಸಲಾಗಿದೆ.

ಕೂಡಿ ಕುಳಿತು ಮಾತಾಡುವುದು

ಹದಿನೈದು ದಿನಕ್ಕೊಮ್ಮೆ, ಯಾರದಾದರೂ ಮನೆಯ ಕಟ್ಟೆಯ ಮೇಲೆ, ವಹಿ ಹಿಡಿದುಕೊಂಡು ಅರ್ಧ ತಾಸು ಕುಳಿತರೆ ಸಾಕು. ಮೊದಲು ಸೋತದ್ದನ್ನು ಹೇಳುವ ಪದ್ಧತಿ ಇಟ್ಟುಕೊಳ್ಳಿ, ಗೆದ್ದದ್ದು ತಾನಾಗಿ ಹೊರಬರುತ್ತದೆ. ಒಬ್ಬರ ಫಲವನ್ನು ಇನ್ನೊಬ್ಬರದರೊಡನೆ ಹೋಲಿಸುವಾಗ ಒಂದೇ ಬೀಜ, ಹತ್ತಿರದ ಬಿತ್ತನೆ ತಾರೀಖು ಇರುವ ಎರಡು ಪುಟಗಳನ್ನು ಪಕ್ಕಪಕ್ಕ ಇಡಿ. ಆಗ ವ್ಯತ್ಯಾಸ ಮಣ್ಣಿನದೋ, ನೀರಿನದೋ, ನೆರಳಿನದೋ ಎಂಬುದು ಕಣ್ಣಿಗೆ ಕಾಣುತ್ತದೆ. ಸಲಹೆ ಕೊಡುವವರು ಒಮ್ಮೆಗೆ ಒಂದೇ ಬದಲಾವಣೆ ಹೇಳಲಿ. ನೀರು, ಗೊಬ್ಬರ, ಔಷಧ ಮೂರನ್ನೂ ಒಟ್ಟಿಗೆ ಬದಲಿಸಿದರೆ ಗಿಡ ಚೇತರಿಸಿಕೊಂಡರೂ ಯಾವುದರಿಂದ ಎಂದು ಯಾರಿಗೂ ತಿಳಿಯುವುದಿಲ್ಲ.

ಓಣಿಯಲ್ಲಿ ಬಗೆಹರಿಯದ್ದನ್ನು ಬಲ್ಲವರಲ್ಲಿಗೆ ಒಯ್ಯಿರಿ. ಧಾರವಾಡದ ಸೈದಾಪುರ, ಗದಗ ಹತ್ತಿರದ ಹುಲಕೋಟಿ, ರಾಣೆಬೆನ್ನೂರು ಹತ್ತಿರದ ಹನುಮನಮಟ್ಟಿ, ಈ ಮೂರೂ ಕಡೆ ಕೃಷಿ ವಿಜ್ಞಾನ ಕೇಂದ್ರಗಳಿವೆ. ಕಿಸಾನ್ ಕಾಲ್ ಸೆಂಟರಿನ 1800-180-1551 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೇ ಉತ್ತರ ಸಿಗುತ್ತದೆ. ಕೆಟ್ಟ ಎಲೆಯೊಂದನ್ನೇ ಅಲ್ಲ, ವಹಿಯ ಆ ಪುಟವನ್ನೂ ಜೊತೆಗೆ ಒಯ್ದರೆ ಅವರ ಅರ್ಧ ಪ್ರಶ್ನೆಗಳಿಗೆ ಉತ್ತರ ಸಿದ್ಧವಾಗಿರುತ್ತದೆ.

ಮಳೆಗೆ ಮುನ್ನ

ಭರಣಿ, ಕೃತ್ತಿಕೆಯ ಅಡ್ಡಮಳೆಗಳು ಗಾಳಿ, ಗುಡುಗು, ಕೆಲವೊಮ್ಮೆ ಆಣೆಕಲ್ಲಿನೊಡನೆ ಬರುತ್ತವೆ. ಅದಕ್ಕಿಂತ ಮೊದಲೇ ಚಪ್ಪರದ ಗೂಟ ಗಟ್ಟಿ ಮಾಡಿ, ಟೊಮೆಟೊಕ್ಕೆ ಊರುಗೋಲು ಕಟ್ಟಿ, ತಾರಸಿಯ ನೆರಳುಬಲೆಯನ್ನು ಬಿಚ್ಚಲು ಬರುವಂತೆ ಕುಣಿಕೆ ಹಾಕಿ. ಕುಂಡದ ಬುಡದ ರಂಧ್ರಗಳು ಕಟ್ಟಿಕೊಂಡಿವೆಯೇ ಎಂದು ಕಡ್ಡಿಯಿಂದ ನೋಡಿ. ರೋಹಿಣಿ ಮಳೆಯ ಹೊತ್ತಿಗೆ ಬೆಂಡೆ, ಚವಳಿಯ ಒಂದೊಂದು ಒಳ್ಳೆಯ ಗಿಡದ ಕಾಯಿಗಳನ್ನು ಬೀಜಕ್ಕೆಂದು ಬಿಟ್ಟು, ಗಿಡದ ಮೇಲೆಯೇ ಒಣಗಿಸಿ ತೆಗೆಯಿರಿ. ಬದನೆ ಗಿಡವನ್ನು ಮುದಿಯಾಯಿತೆಂದು ಕಿತ್ತುಹಾಕಬೇಕಾಗಿಲ್ಲ. ಬೇರು ಆರೋಗ್ಯವಾಗಿದ್ದರೆ ಬುಡದಿಂದ ಒಂದು ಗೇಣು ಬಿಟ್ಟು ಓರೆಯಾಗಿ ಕತ್ತರಿಸಿ, ಎರಡು ಬೊಗಸೆ ಗೊಬ್ಬರ ಕೊಟ್ಟು, ಕತ್ತರಿಸಿದ ತಾರೀಖನ್ನು ಅದೇ ಪುಟದಲ್ಲಿ ಬರೆದಿಡಿ. ಹೊಸ ಚಿಗುರು ಬಂದು ಮಳೆಗಾಲದ ನಡುವೆ ಎಣ್ಣೆಗಾಯಿಗೆ ಆಗುವಷ್ಟು ಎಳೆಗಾಯಿ ಮತ್ತೆ ಬಿಡುತ್ತದೆ.